ಮಾರಿಕಣಿವೆ ಡ್ಯಾಮ್ ಕಟ್ಟಿದ್ದು ವಿಶ್ವೇಶ್ವರಯ್ಯನವರಾ? ಮಗಳ ಪ್ರಾಜೆಕ್ಟ್‌ಗೆ ಹಿರಿಯೂರಿನ ಇತಿಹಾಸ ಬೇಕು

ನಾಲೆ ಏರಿ (ಪೋಸ್ಟ್ ಹಾಕಿದವರು)
ಎಲ್ಲರಿಗೂ ನಮಸ್ಕಾರ. ನಮ್ಮದು ಹಿರಿಯೂರು ತಾಲ್ಲೂಕು, ಈಗ ಇರೋದು ಬೆಂಗಳೂರಲ್ಲಿ. ಮಗಳು ಐದನೇ ಕ್ಲಾಸು. 'ನನ್ನ ಊರಿನ ಇತಿಹಾಸ' ಅಂತ ನಾಲ್ಕು ಪುಟ ಬರ್ಕೊಂಡು ಬಾ ಅಂದಿದ್ದಾರೆ. ಅವಳು ಮೊದಲ ಸಾಲೇ 'ನಮ್ಮ ಊರಿನ ಡ್ಯಾಮ್ ಅನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿಸಿದರು' ಅಂತ ಬರೆದಿದ್ದಾಳೆ. ನಾನು ಅಲ್ಲ ಅಂದೆ. ಹಾಗಾದ್ರೆ ಯಾರು ಅಂತ ಕೇಳಿದಳು. ನನಗೆ ಮಾತೇ ಹೊರಡಲಿಲ್ಲ. ಇಪ್ಪತ್ತು ವರ್ಷ ಆ ನಾಲೆ ನೀರು ಕುಡಿದು ಬೆಳೆದವಳಿಗೆ ಇಷ್ಟೂ ಗೊತ್ತಿಲ್ಲ ಅಂದ್ರೆ ನಾಚಿಕೆ ಆಯ್ತು. ಡ್ಯಾಮ್ ಬಿಟ್ಟು ಊರಿನ ಬಗ್ಗೆ ಏನೇ ಗೊತ್ತಿದ್ರೂ ಹೇಳಿ. ಶುಕ್ರವಾರ ಕೊಡಬೇಕು.

ಬೈಪಾಸ್ ಹುಡುಗ
ಹಿರಿಯೂರಿನ ಇತಿಹಾಸ: ಬಸ್ಸು ಹತ್ತು ನಿಮಿಷ ನಿಲ್ಲುತ್ತೆ, ಟೀ ಕುಡಿದು ಬೇಗ ಬನ್ನಿ. ಮುಗೀತು.

ಟೈಲೆಂಡ್ ರೈತ
ಬೈಪಾಸ್ ಆದ ಮೇಲೆ ಆ ಹತ್ತು ನಿಮಿಷಾನೂ ನಿಲ್ಲಲ್ಲ ಗುರು 😀

ಗಾರೆ ಗಾಣ
ಅಕ್ಕ, ನಿಮ್ಮ ಅನುಮಾನ ಸರಿ. ವಿಶ್ವೇಶ್ವರಯ್ಯನವರು ಅಲ್ಲವೇ ಅಲ್ಲ. ತಾರೀಕು ನೋಡಿದ್ರೆ ಸಾಕು. ಕೆಲಸ ಶುರುವಾದದ್ದು 1897ರ ಹೊತ್ತಿಗೆ, ಮುಗಿದದ್ದು 1907ರಲ್ಲಿ. ಆಗೆಲ್ಲ ಅವರು ಬಾಂಬೆ ಪ್ರಾಂತ್ಯದ ನೌಕರಿಯಲ್ಲಿದ್ದರು, ಪುಣೆ ಕಡೆ. ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. ಅವರು ಬರೋ ಹೊತ್ತಿಗೆ ನಮ್ಮ ಕಟ್ಟೆಯಲ್ಲಿ ನೀರು ನಿಂತು ಎರಡು ವರ್ಷ ಆಗಿತ್ತು.

ಶುರುವಾದಾಗ ಮೈಸೂರು ನಡೆಸುತ್ತಿದ್ದದ್ದು ಒಬ್ಬ ಹೆಂಗಸು. ಚಾಮರಾಜ ಒಡೆಯರು ತೀರಿಕೊಂಡು ಮಗ ಇನ್ನೂ ಚಿಕ್ಕವನಿದ್ದ. ತಾಯಿ ಕೆಂಪನಂಜಮ್ಮಣ್ಣಿಯವರು ರೀಜೆಂಟ್ ಆಗಿ 1902ರವರೆಗೆ ರಾಜ್ಯ ನೋಡಿಕೊಂಡರು. ದಿವಾನರು ಕೆ. ಶೇಷಾದ್ರಿ ಅಯ್ಯರ್. ರಾಣಿಯವರ ಬಿರುದು ವಾಣಿವಿಲಾಸ ಸನ್ನಿಧಾನ, ಅದಕ್ಕೇ ಮಾರಿಕಣಿವೆ ಡ್ಯಾಮ್‌ಗೆ ವಾಣಿವಿಲಾಸ ಸಾಗರ ಅಂತಾನೂ ಹೆಸರು. ಮುಗಿಯೋ ಹೊತ್ತಿಗೆ ಮಗ ನಾಲ್ವಡಿ ಪಟ್ಟದಲ್ಲಿದ್ದರು. ಮಗಳಿಗೆ ಹೇಳಿ, ಒಬ್ಬ ತಾಯಿ ಶುರು ಮಾಡಿಸಿದ ಡ್ಯಾಮ್ ಅಂತ ಬರೀಲಿ.

ನಾಲೆ ಏರಿ
ಅಬ್ಬಾ, ಧನ್ಯವಾದ ಸಾರ್. ಇದನ್ನ ಓದಿ ಹೇಳಿದೆ. 'ಹಾಗಾದ್ರೆ ಯಾಕೆ ಎಲ್ರೂ ವಿಶ್ವೇಶ್ವರಯ್ಯ ಅಂತಾರೆ' ಅಂತ ಶುರು ಮಾಡಿದ್ದಾಳೆ.

ಚಳ್ಳಕೆರೆ ಕಡ್ಲೆಕಾಯಿ
ಕರ್ನಾಟಕದಲ್ಲಿ ಹಳೇದು ಗಟ್ಟಿಯಾಗಿ ಏನೇ ಇದ್ರೂ ಅದು ವಿಶ್ವೇಶ್ವರಯ್ಯ. ದೇವಸ್ಥಾನ ಆದ್ರೆ ಜಕಣಾಚಾರಿ. ಅಷ್ಟೇ ನಿಯಮ.

ಮಸ್ಕತ್ ಮಲ್ಲೇಶಿ
ರಾಣಿಯವರು ಒಡವೆ ಅಡವಿಟ್ಟು ಕಟ್ಟಿಸಿದ್ದು, ಅದನ್ನೂ ಬರೀಬೇಕು. ನಮ್ಮಜ್ಜಿ ಹೇಳೋಳು.

ಗಾರೆ ಗಾಣ
ಮಲ್ಲೇಶಿಯವರೇ, ಒಡವೆ ಕಥೆಯನ್ನ ಕೆಆರ್‌ಎಸ್‌ಗೂ ಹೇಳ್ತಾರೆ, ಇದಕ್ಕೂ ಹೇಳ್ತಾರೆ. ಅಜ್ಜಿ ಹೇಳಿದ್ದು ಅಂತ ಬರೆದರೆ ತಪ್ಪಿಲ್ಲ. ಇತಿಹಾಸ ಅಂತ ಬರೆದರೆ ಯಾರಾದ್ರೂ ಕಾಗದ ತೋರಿಸು ಅಂತಾರೆ.

ಮಸ್ಕತ್ ಮಲ್ಲೇಶಿ
ಕಾಗದ ನಿಮ್ಮ ಹತ್ರಾನೇ ಇಟ್ಕೊಳ್ಳಿ ಸಾರ್. ನಮ್ಮಜ್ಜಿ ಸುಳ್ಳು ಹೇಳೋಳಲ್ಲ.

ನಿವೃತ್ತ ಮೇಷ್ಟ್ರು
ಜಗಳ ಬೇಡ ಮಕ್ಕಳೇ. ಎರಡು ಮಾತು ಸೇರಿಸುತ್ತೇನೆ.

ಮಾರಿಕಣಿವೆ ಅನ್ನೋ ಹೆಸರು ಡ್ಯಾಮ್‌ಗಿಂತ ಹಳೆಯದು. ಎರಡು ಗುಡ್ಡದ ನಡುವಿನ ಸಂದಿಯಲ್ಲಿ ವೇದಾವತಿ ಹರಿದು ಬರುತ್ತಿತ್ತು. ಅಲ್ಲಿ ಕಣಿವೆ ಮಾರಮ್ಮ ಇದ್ದಾಳೆ, ಇವತ್ತಿಗೂ ಪೂಜೆ ನಡೆಯುತ್ತದೆ. ಆ ಸಂದಿ ಮುಚ್ಚಿದರೆ ಸಾಕಿತ್ತು. ಕಟ್ಟೆಯ ಉದ್ದ ಸುಮಾರು 405 ಮೀಟರ್ ಅಷ್ಟೇ, ಹಿಡಿಯೋ ನೀರು ಮಾತ್ರ 30 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಕೆಆರ್‌ಎಸ್‌ನದು 49 ಟಿಎಂಸಿ, ಅದರ ಗೋಡೆ ನೋಡಿ ಎಷ್ಟು ಉದ್ದ. ಅಂದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಗುಡ್ಡಗಳೇ ಮಾಡಿಕೊಟ್ಟಿವೆ.

ಇನ್ನೊಂದು, ಪುಸ್ತಕದಲ್ಲಿ ಕಡಿಮೆ ಬರುವ ವಿಷಯ. 1892ರಲ್ಲಿ ಮದ್ರಾಸಿಗೂ ಮೈಸೂರಿಗೂ ನೀರಿನ ಒಪ್ಪಂದ ಆಯಿತು. ಕಾವೇರಿ ಜಗಳದಲ್ಲಿ ಎಲ್ಲರೂ ಅದರ ಹೆಸರು ಕೇಳಿರುತ್ತೀರಿ. ಪಟ್ಟಿಯಲ್ಲಿದ್ದ ನದಿಗಳಿಗೆ ಹೊಸ ಕಟ್ಟೆ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಕೇಳಬೇಕು ಅಂತ ಅದರಲ್ಲಿತ್ತು. ಆ ಪಟ್ಟಿಯಲ್ಲಿ ನಮ್ಮ ವೇದಾವತಿಯೂ ಇದೆ. ಕೆಳಗೆ ಹೋಗಿ ಹಗರಿ ಅನ್ನಿಸಿಕೊಂಡು ಬಳ್ಳಾರಿ ಕಡೆ ಹರಿಯುತ್ತಾಳಲ್ಲ, ಆಗ ಬಳ್ಳಾರಿ ಮದ್ರಾಸಿನದು. ಅಂಥ ಕಾಲದಲ್ಲಿ ಈ ಕಟ್ಟೆ ಎದ್ದಿದೆ.

ಬೈಪಾಸ್ ಹುಡುಗ
ಮೇಷ್ಟ್ರೇ ಸೂಪರ್. ನಮಗೆ ಶಾಲೆಯಲ್ಲಿ ಒಂದು ವಾಕ್ಯಾನೂ ಹೇಳಿರಲಿಲ್ಲ.

ನಿವೃತ್ತ ಮೇಷ್ಟ್ರು
ಹೇಳಿರುತ್ತಾರೆ. ನೀನು ಕೊನೆ ಬೆಂಚಿನಲ್ಲಿ ಇದ್ದಿರಬೇಕು.

ಟೈಲೆಂಡ್ ರೈತ
ಎಲ್ಲರೂ ಡ್ಯಾಮ್ ಡ್ಯಾಮ್ ಅಂತಿದೀರಿ. ಡ್ಯಾಮ್ ಇತಿಹಾಸ ಬೇರೆ, ನಾಲೆ ಇತಿಹಾಸ ಬೇರೆ. ರೈತಂಗೆ ಡ್ಯಾಮ್ ಅಂದ್ರೆ ಫೋಟೋ, ನಾಲೆ ಅಂದ್ರೆ ಊಟ.

ನಮ್ಮ ಹೊಲ ಬಲನಾಲೆ ಕೊನೆಗೆ. ಮೇಲಿನವರು ಅಡಿಕೆ, ಬಾಳೆ ಹಾಕಿಕೊಂಡು ಕುಡಿದು ಮಿಕ್ಕಿದ್ದು ನಮಗೆ. ನಮ್ಮಪ್ಪನ ಕಾಲದಲ್ಲಿ ನೀರುಗಂಟಿ ಸೈಕಲ್ಲಿನಲ್ಲಿ ಬರೋನು. ಇವತ್ತು ರಾತ್ರಿ ನಿಮ್ಮ ಸರದಿ ಅಂತ ಹೇಳಿ ಹೋಗೋನು. ರಾತ್ರಿ ಹನ್ನೊಂದಕ್ಕೆ ಲಾಟೀನು, ಗುದ್ದಲಿ, ಒಂದು ಹಳೇ ಗೋಣಿಚೀಲ ತಗೊಂಡು ಅಪ್ಪನ ಹಿಂದೆ ನಾನೂ. ತೂಬಿನ ಹತ್ರ ನೀರು ಬರೋ ಸದ್ದು ಮೊದಲು ಕೇಳಿಸೋದು, ಒಣ ಎಲೆ ಮೇಲೆ ಯಾರೋ ನಡೆದ ಹಾಗೆ. ಆಮೇಲೆ ನೊರೆ, ಕಸ, ಸತ್ತ ಏಡಿ ಎಲ್ಲ ಮುಂದೆ ತಳ್ಳಿಕೊಂಡು ಬರೋದು. ಅರ್ಧ ಗಂಟೆ ಚೆನ್ನಾಗಿ ಹರಿದು ಆಮೇಲೆ ಸಣ್ಣಗಾಗೋದು. ಅಪ್ಪ ಒಂದೂ ಮಾತಾಡದೆ ಏರಿ ಮೇಲೆ ನಡೆದು ಹೋಗಿ, ಮೇಲಿನ ಹೊಲದವರು ಅಡ್ಡ ಇಟ್ಟ ಬಾಳೆ ದಿಂಡು ಕಿತ್ತು ಹಾಕಿ ಬರೋರು. ಬೆಳಿಗ್ಗೆ ಅದೇ ಮನೆಯವರು ಸಿಕ್ಕಿದ್ರೆ 'ಏನಣ್ಣಾ, ನೀರು ಬಂತಾ' ಅಂತ ನಗ್ತಾ ಕೇಳೋರು. ಅಪ್ಪಾನೂ ನಗೋರು. ಇದನ್ನ ಯಾವ ಗೆಜೆಟಿಯರಿನಲ್ಲಿ ಬರೀತಾರೆ?

ನಾಲೆ ಏರಿ
ಅಣ್ಣಾ, ಇದು ನಮ್ಮನೆ ಕಥೆಯೇ. ನಮ್ಮದು ಮಾತ್ರ ಬಾಳೆ ದಿಂಡು ಇಡೋ ಕಡೆ ಅನ್ಸುತ್ತೆ 🙈

ಟೈಲೆಂಡ್ ರೈತ
ಹಾಗಾದ್ರೆ ನಿಮ್ಮ ಮಗಳ ಪ್ರಾಜೆಕ್ಟ್‌ಗೆ ನಾನು ಸಹಾಯ ಮಾಡಲ್ಲ ತಂಗಿ.

ಹೊಸದುರ್ಗದ ಹೈದ
ಡ್ಯಾಮ್ ಇತಿಹಾಸ ಅಂದ್ರೆ ಬರೀ ಕೆಳಗಿನವರದ್ದಾ? ಮೇಲೆ ಹಿನ್ನೀರಿನಲ್ಲಿ ನಾವೂ ಇದ್ದೀವಿ. ಕಟ್ಟೆ ಹಿರಿಯೂರಿನಲ್ಲಿ, ಮುಳುಗೋದು ಹೊಸದುರ್ಗ. 2022ರಲ್ಲಿ ಕೋಡಿ ಬಿತ್ತು ಅಂತ ನೀವೆಲ್ಲ ಅಲ್ಲಿ ಸೆಲ್ಫಿ ತಗೊಳ್ತಿದ್ರಿ, ಇಲ್ಲಿ ನಮ್ಮ ಚಿಕ್ಕಪ್ಪನ ತೆಂಗಿನ ತೋಟದಲ್ಲಿ ಎದೆ ಮಟ್ಟ ನೀರು. ತಿಂಗಳುಗಟ್ಟಲೆ ಇಳೀಲಿಲ್ಲ. ರಸ್ತೆ ಹೋಯ್ತು, ಫಸಲು ಹೋಯ್ತು. ಕೋಡಿ ಎತ್ತರ ಸ್ವಲ್ಪ ತಗ್ಗಿಸಿ ಅಂತ ಕೇಳಿದ್ರೆ ನಿಮ್ಮವರು ಹೊಡೆಯೋಕೆ ಬರ್ತಾರೆ.

ಟೈಲೆಂಡ್ ರೈತ
ಕೋಡಿ ತಗ್ಗಿಸಿದ್ರೆ ನಾವೇನು ಕುಡೀಬೇಕು? 89 ವರ್ಷಕ್ಕೆ ಒಂದು ಸಲ ತುಂಬಿದೆ. ಅದಕ್ಕೂ ಕಣ್ಣಾ?

ಹೊಸದುರ್ಗದ ಹೈದ
89 ವರ್ಷ ತುಂಬಿಲ್ಲ ಅಂತಾನೇ ಅಲ್ವಾ ನಮ್ಮ ಜನ ಅಲ್ಲಿ ಮನೆ, ತೋಟ ಮಾಡಿಕೊಂಡಿದ್ದು? ತಾತ ನೋಡಿಲ್ಲ, ಅಪ್ಪ ನೋಡಿಲ್ಲ. ನೀರು ಅಲ್ಲಿವರೆಗೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?

ಚಳ್ಳಕೆರೆ ಕಡ್ಲೆಕಾಯಿ
ಇದಕ್ಕೆ ಉತ್ತರ ಇಲ್ಲ ನೋಡಿ. ಇಬ್ಬರೂ ಸರಿ ಹೇಳ್ತಿದ್ದಾರೆ.

ಗಾರೆ ಗಾಣ
ಗೊತ್ತಿಲ್ಲದವರಿಗೆ: ಈ ಡ್ಯಾಮ್‌ಗೆ ಕ್ರೆಸ್ಟ್ ಗೇಟ್ ಇಲ್ಲ. ಟಿವಿಯಲ್ಲಿ ಕೆಆರ್‌ಎಸ್ ಗೇಟ್ ಎತ್ತಿ ನೀರು ಬಿಟ್ರು ಅಂತ ತೋರಿಸ್ತಾರಲ್ಲ, ಹಾಗೆ ಇಲ್ಲಿ ಆಗಲ್ಲ. 130 ಅಡಿ ತುಂಬಿದ ಮೇಲೆ ನೀರು ತಾನೇ ಪಕ್ಕದ ಕೋಡಿ ಮೇಲೆ ಹರಿದು ಹೋಗಬೇಕು, ಹಳ್ಳಿ ಕೆರೆ ಹಾಗೆ. ಅದಕ್ಕೇ ನಮ್ಮ ಜನ ಡ್ಯಾಮ್ ತುಂಬಿತು ಅನ್ನಲ್ಲ, ಕೋಡಿ ಬಿತ್ತು ಅಂತಾರೆ. ಹೈದ ಅವರ ಜಗಳ ಇರೋದೂ ಇಲ್ಲೇ. ಗೇಟ್ ಇದ್ದಿದ್ರೆ ಹಂತಹಂತವಾಗಿ ಬಿಡಬಹುದಿತ್ತು.

ಕೋಡಿ ಬಿದ್ದದ್ದು 1933ರಲ್ಲಿ, ಆಗ 135 ಅಡಿ ದಾಟಿತ್ತು. ಆಮೇಲೆ 2022ರ ಸೆಪ್ಟೆಂಬರ್. ಮತ್ತೆ 2025ರ ಜನವರಿಯಲ್ಲಿ ಮೂರನೇ ಸಲ.

ಬೈಪಾಸ್ ಹುಡುಗ
89 ವರ್ಷ ಬರದೇ ಇರೋದು ಮೂರು ವರ್ಷದೊಳಗೆ ಎರಡು ಸಲ ಹೇಗೆ ಬಂತು? ಮಳೆ ಜಾಸ್ತಿ ಆಯ್ತಾ?

ಗಾರೆ ಗಾಣ
ಮಳೆಯೂ ಹೌದು, ಭದ್ರೆಯೂ ಹೌದು. ಭದ್ರಾ ನದಿ ನೀರನ್ನ ಈ ಕಡೆ ತರೋ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಬೆಟ್ಟದತಾವರೆಕೆರೆ ಹತ್ತಿರ ಪಂಪ್ ಮಾಡಿ, ಅಜ್ಜಂಪುರದ ಸುರಂಗ ದಾಟಿಸಿ ವೇದಾವತಿಗೆ ನೀರು ಬಿಡ್ತಾರೆ. 2019ರಿಂದ ಬರ್ತಾ ಇದೆ. ತಳದಲ್ಲಿ ಮೊದಲೇ ಭದ್ರೆ ನೀರು ಇದ್ದದ್ದರಿಂದ, ಮಳೆ ಜೋರಾದ ವರ್ಷ ಕೋಡಿವರೆಗೆ ಬಂತು. ಬರೀ ವೇದಾವತಿಯನ್ನ ನಂಬಿದ್ರೆ ಕಷ್ಟವಿತ್ತು. ಅವಳು ಬಾಬಾಬುಡನ್‌ಗಿರಿಯ ಪೂರ್ವದ ಇಳಿಜಾರಿನಲ್ಲಿ ಹುಟ್ಟೋಳು, ವೇದಾ ಒಂದು, ಆವತಿ ಒಂದು. ವೇದಾಗೆ ಅಯ್ಯನಕೆರೆ ಅಡ್ಡ, ಆವತಿಗೆ ಮದಗದ ಕೆರೆ ಅಡ್ಡ. ಕಡೂರು ಹತ್ರ ಸೇರಿ ಇಳಿದು ಬರೋಷ್ಟರಲ್ಲಿ ದಾರಿಯಲ್ಲಿ ಇನ್ನೆಷ್ಟು ಕೆರೆ, ಚೆಕ್ ಡ್ಯಾಮ್. ಮಿಕ್ಕಿದ್ದು ನಮಗೆ. ಒಂದು ಲೆಕ್ಕದಲ್ಲಿ ಇಡೀ ಹಿರಿಯೂರೇ ಟೈಲ್ ಎಂಡ್.

ಕಡೂರಿನ ಕರಿಬೇವು
ಓಹೋ, ಈಗ ನಮ್ಮ ಕೆರೆಗಳ ಮೇಲೆ ಬಂತಾ? ಆ ಕೆರೆಗಳು ನಿಮ್ಮ ಡ್ಯಾಮ್‌ಗಿಂತ ಎಷ್ಟೋ ನೂರು ವರ್ಷ ಹಳೇವು ಸಾರ್.

ಮಸ್ಕತ್ ಮಲ್ಲೇಶಿ
ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಅಂದ್ರಲ್ಲ, ಎಲ್ಲಿ ಆ ದುಡ್ಡು? ಆ ಪಕ್ಷದವರು

ನಿರ್ವಾಹಕ
ಮಲ್ಲೇಶಿ ಅಣ್ಣ, ಉಳಿದದ್ದನ್ನ ತೆಗೆದಿದ್ದೀನಿ. ಪಕ್ಷದ ಜಗಳಕ್ಕೆ ಬೇರೆ ಪೋಸ್ಟ್ ಇದೆ, ಅಲ್ಲಿ 400 ಕಾಮೆಂಟ್ ಆಗಿದೆ. ಇಲ್ಲಿ ಒಂದು ಮಗುವಿನ ಪ್ರಾಜೆಕ್ಟ್ ನಡೀತಿದೆ.

ತೆಂಗಿನ ಗರಿ
ಒಳ್ಳೇದು ಮಾತ್ರ ಬರೀಬೇಡಿ. ಒಣಗಿದ್ದನ್ನೂ ಬರೀರಿ. 2016, 17, 18 ಆ ಮೂರು ವರ್ಷ ನೋಡಿದವರಿಗೆ ಗೊತ್ತು. ಡ್ಯಾಮ್ ತಳ ಕಂಡಿತ್ತು. ನಮ್ಮದು 140 ತೆಂಗಿನ ಮರ, ನಮ್ಮ ಮಾವ ನೆಟ್ಟದ್ದು. ನಾಲೆ ನಿಂತಿತು ಅಂತ ಬೋರ್ ಕೊರೆಸಿದೆವು. ಮೊದಲನೇದು 600 ಅಡಿ, ಧೂಳು. ಎರಡನೇದು 850, ಧೂಳು. ಮೂರನೇದು ಸಾವಿರ ದಾಟಿತು, ಅರ್ಧ ಇಂಚು ಬಂದು ಹದಿನೈದು ದಿನಕ್ಕೆ ನಿಂತಿತು. ಆಮೇಲೆ ಟ್ಯಾಂಕರ್. ಮರಕ್ಕೆ ಎರಡು ಕೊಡ ಅಂತ ಲೆಕ್ಕ ಹಾಕಿ ಹುಯ್ಯುತ್ತಿದ್ದೆ.

ತೆಂಗು ಒಂದೇ ಸಲ ಸಾಯಲ್ಲ. ಮೊದಲು ಗರಿ ಜೋತು ಬೀಳುತ್ತೆ, ಆಮೇಲೆ ಹರಳು ಉದುರುತ್ತೆ. ಕೊನೆಗೆ ಸುಳಿ ಬಾಡುತ್ತೆ. ಸುಳಿ ಹೋದ ಮೇಲೆ ಅದು ಕಂಬ. 140ರಲ್ಲಿ ಉಳಿದದ್ದು 31. ಕಡಿದ ಮರಾನ ಇಟ್ಟಿಗೆ ಗೂಡಿನವರು ತಗೊಂಡು ಹೋದರು. ಕೊಟ್ಟ ದುಡ್ಡಿನಲ್ಲಿ ಟ್ಯಾಂಕರ್ ಸಾಲಾನೂ ತೀರಲಿಲ್ಲ. ಮಾವ ಆ ದಿನ ತೋಟದ ಕಡೆ ಬರಲೇ ಇಲ್ಲ. ಮನೆಯಲ್ಲೇ ರೇಡಿಯೋ ಜೋರಾಗಿ ಹಾಕಿಕೊಂಡು ಕೂತಿದ್ರು.

ನಾಲೆ ಏರಿ
ಅಕ್ಕ... ನಮ್ಮ ತೋಟಾನೂ ಆಗಲೇ ಹೋಗಿದ್ದು. ಅದಾದ ಮೇಲೇ ನಾವು ಬೆಂಗಳೂರಿಗೆ ಬಂದಿದ್ದು.

ಟೈಲೆಂಡ್ ರೈತ
ತಂಗಿ, ಬಾಳೆ ದಿಂಡಿನ ವಿಷಯ ಬಿಡು. ಮಗಳಿಗೆ ಏನು ಬೇಕೋ ಕೇಳು.

ಬೈಪಾಸ್ ಹುಡುಗ
ಡ್ಯಾಮ್ ಕಟ್ಟೋಕೆ ಮುಂಚೆ ಊರಲ್ಲಿ ಏನಿತ್ತು? ಅದನ್ನ ಯಾರೂ ಹೇಳ್ಲಿಲ್ಲ.

ನಿವೃತ್ತ ಮೇಷ್ಟ್ರು
ಕೊನೆ ಬೆಂಚಿನವನೇ ಒಳ್ಳೇ ಪ್ರಶ್ನೆ ಕೇಳಿದ. ತೇರುಮಲ್ಲೇಶ್ವರ ಇದ್ದ. ಊರು ಬೆಳೆದದ್ದೇ ಆ ಗುಡಿ ಸುತ್ತ, ವೇದಾವತಿ ದಂಡೆಯಲ್ಲಿ. ಒಳಗೆ ಹೋದಾಗ ಒಂದು ಸಲ ತಲೆ ಎತ್ತಿ ನೋಡಿ, ಮಂಟಪದ ಚಾವಣಿಯಲ್ಲಿ ಹಳೇ ಬಣ್ಣದ ಚಿತ್ರಗಳಿವೆ. ನಾನು ಮಕ್ಕಳನ್ನ ಕರೆದುಕೊಂಡು ಹೋದಾಗೆಲ್ಲ ಎಲ್ಲರೂ ದೇವರನ್ನ ನೋಡೋರು, ಒಬ್ಬನೋ ಇಬ್ಬರೋ ಮೇಲೆ ನೋಡೋರು. ಚಿತ್ರದುರ್ಗದ ಪಾಳೆಯಗಾರರು, ಹೈದರ್, ಮರಾಠರು ಎಲ್ಲರ ಕಾಲುತುಳಿತ ಈ ಸೀಮೆಗೆ ಬಿದ್ದಿದೆ. 1779ರಲ್ಲಿ ದುರ್ಗ ಹೈದರನ ಕೈಗೆ ಹೋಯಿತು. ಶಾಸನ ಬೇಕಾದರೆ ರೈಸ್ ಸಾಹೇಬರ 'ಎಪಿಗ್ರಾಫಿಯಾ ಕರ್ನಾಟಿಕಾ' 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು, ಹಿರಿಯೂರು ತಾಲ್ಲೂಕಿಗೆ ಬೇರೆ ಭಾಗವೇ ಇದೆ. ಐದನೇ ಕ್ಲಾಸಿಗೆ ಜಾಸ್ತಿ ಆಯಿತೇನೋ.

ಚಳ್ಳಕೆರೆ ಕಡ್ಲೆಕಾಯಿ
ಮುಕ್ತಿ ಬಾವುಟ ಬರೀರಿ, ದೇವರ ತೇರಿನ ಬಾವುಟ! ಮಾಘದ ತೇರಿನ ದಿನ ಹರಾಜು ಹಾಕ್ತಾರೆ, ಲಕ್ಷಗಟ್ಟಲೆ ಹೋಗುತ್ತೆ. ಚುನಾವಣೆ ವರ್ಷ ಆದ್ರೆ ಕೇಳೋದೇ ಬೇಡ. ನಮ್ಮ ನಾಯಕನಹಟ್ಟಿಯಲ್ಲೂ ಇದೆ. ನಮ್ಮದೇ ದೊಡ್ಡದು.

ಮಸ್ಕತ್ ಮಲ್ಲೇಶಿ
ನಿಮ್ಮದು ಜಾತ್ರೆ ದೊಡ್ಡದು ಇರಬಹುದು. ನಿಮ್ಮೂರಿಗೆ ಕುಡಿಯೋ ನೀರು ನಮ್ಮ ಕಣಿವೆಯಿಂದ ಬರ್ತಾ ಇದೆ, ನೆನಪಿರಲಿ.

ಚಳ್ಳಕೆರೆ ಕಡ್ಲೆಕಾಯಿ
ಎಣ್ಣೆ ನಮ್ಮೂರಿಂದ ಬರಲ್ವಾ? ನೀರು ಕುಡಿದು ಬೋಂಡ ಕರಿದುಕೊಳ್ಳಿ ನೋಡೋಣ.

ನಿರ್ವಾಹಕ
😀😀 ಈ ಜಗಳ ಇರಲಿ, ಇದನ್ನ ತೆಗೆಯಲ್ಲ.

ಗಾರೆ ಗಾಣ
ಮಗುವಿಗೆ ಇಷ್ಟ ಆಗೋ ಒಂದು ವಿಷಯ. ಈ ಕಟ್ಟೆಗೆ ಸಿಮೆಂಟ್ ಹಾಕಿಲ್ಲ. ಸುಣ್ಣ, ಸುಟ್ಟ ಇಟ್ಟಿಗೆ ಪುಡಿ ಸೇರಿಸಿ ಅರೆದ ಗಾರೆ. ಸುರ್ಕಿ ಅಂತಾರೆ. ಗಾರೆ ಅರೆಯೋಕೆ ದುಂಡಗಿನ ಕಾಲುವೆ ತೋಡಿ, ಅದರಲ್ಲಿ ಕಲ್ಲಿನ ಚಕ್ರ ಇಟ್ಟು ಎತ್ತು ಕಟ್ಟಿ ಸುತ್ತಿಸೋರು, ಎಣ್ಣೆ ಗಾಣದ ಹಾಗೆ. ನನ್ನ ಹೆಸರು ಅಲ್ಲಿಂದಲೇ ಬಂದದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಗಾರೆ ಕೆಲಸದವರೊಬ್ಬರು ಗೋಡೆ ಸಂದಿಗೆ ಉಗುರು ಹಾಕಿ ಕೆರೆದು ತೋರಿಸಿದ್ರು. ಉಗುರು ಸವೆಯಿತು, ಗಾರೆ ಬರಲಿಲ್ಲ. 'ಇದಕ್ಕೆ ಇನ್ನೂ ವಯಸ್ಸಾಗಿಲ್ಲ ಬಿಡಿ ಸ್ವಾಮಿ' ಅಂದ್ರು.

ಬೈಪಾಸ್ ಹುಡುಗ
ಗುಡ್ಡದ ಮೇಲಿಂದ ನೋಡಿದ್ರೆ ನೀರು ಭಾರತದ ನಕ್ಷೆ ಥರ ಕಾಣುತ್ತೆ ಅದನ್ನೂ ಹಾಕಿ.

ಹೊಸದುರ್ಗದ ಹೈದ
ನೀರು ಕಮ್ಮಿ ಆದಾಗ ಶ್ರೀಲಂಕಾ ಥರ ಕಾಣುತ್ತೆ.

ಕಡೂರಿನ ಕರಿಬೇವು
ಹಿರಿಯೂರಿಗೆ ರೈಲು ಯಾಕಿಲ್ಲ? ಅದೂ ಇತಿಹಾಸವೇ. ನಮ್ಮ ಕಡೂರು, ಬೀರೂರಿಗೆ ಎಂದೋ ಬಂತು. ನಿಮ್ಮ ಕಡೆ ಹೊಸದುರ್ಗ ರೋಡ್, ಚಿಕ್ಕಜಾಜೂರು, ಚಳ್ಳಕೆರೆಗೂ ಇದೆ.

ತೆಂಗಿನ ಗರಿ
ಬರ್ತಾ ಇದೆ, ಬರ್ತಾ ಇದೆ. ತುಮಕೂರು-ದಾವಣಗೆರೆ ಲೈನು ಶಿರಾ, ಹಿರಿಯೂರು ಮೇಲೆ. ನಾನು ಮದುವೆಯಾಗಿ ಬಂದಾಗಿಂದ ಕೇಳ್ತಾ ಇದೀನಿ. ಈಗ ಮಣ್ಣು ಹಾಕಿದ್ದು ಕಣ್ಣಿಗೆ ಕಾಣುತ್ತೆ, ಅಷ್ಟು ಸತ್ಯ.

ಟೈಲೆಂಡ್ ರೈತ
ಸಕ್ಕರೆ ಕಾರ್ಖಾನೆ ಮುಚ್ಚಿದ್ದು ಬರೀರಿ. ಬಬ್ಬೂರು ಫಾರಂ ಬರೀರಿ. ಡ್ಯಾಮ್ ಆದ ಮೇಲೆ ನಾಲೆ ಸೀಮೆಗೆ ಯಾವ ಬೆಳೆ ಸರಿ ಅಂತ ನೋಡೋಕೆ ಮೈಸೂರು ಸರ್ಕಾರ ಮಾಡಿದ ಫಾರಂ ಅದು, ಇವತ್ತಿಗೂ ಇದೆ. ನಮ್ಮಪ್ಪ ಬೀಜಕ್ಕೆ ಅಲ್ಲಿಗೇ ಹೋಗೋರು. ಹತ್ತಿ, ಭತ್ತ, ಕಬ್ಬು ಎಲ್ಲಾ ಮುಗೀತು. ಈಗ ಎಲ್ಲಿ ನೋಡಿದ್ರೂ ಅಡಿಕೆ. ಬಯಲುಸೀಮೆಯಲ್ಲಿ ಅಡಿಕೆ! ಎರಡು ಸಲ ಕೋಡಿ ಬಿದ್ದದ್ದಕ್ಕೆ ಜನಕ್ಕೆ ತಲೆ ತಿರುಗಿದೆ.

ತೆಂಗಿನ ಗರಿ
ನಾವೂ ಹಾಕಿದ್ದೀವಿ ಅಣ್ಣ. 400 ಗಿಡ. ಬೈಬೇಡಿ.

ಟೈಲೆಂಡ್ ರೈತ
ಬೈಯಲ್ಲ ತಾಯಿ. ನಾನೂ ಇನ್ನೂರು ಹಾಕಿದ್ದೀನಿ.

ನಾಲೆ ಏರಿ
ಎಲ್ಲರಿಗೂ ಧನ್ಯವಾದ. ಮಗಳು ನಾಲ್ಕು ಪುಟ ಅಂದದ್ದು ಒಂಬತ್ತು ಪುಟ ಮಾಡಿದ್ದಾಳೆ. ಎತ್ತಿನ ಗಾಣದ ಚಿತ್ರ ಬಿಡಿಸಿದ್ದಾಳೆ, ಎತ್ತು ಸ್ವಲ್ಪ ನಾಯಿ ಥರ ಬಂದಿದೆ. ಹೊಸದುರ್ಗದ ಅಣ್ಣ ಹೇಳಿದ್ದನ್ನೂ ಒಂದು ಪುಟ ಬರೆದಿದ್ದಾಳೆ. ಒಡವೆ ಕಥೆಗೆ 'ಮಸ್ಕತ್ ಮಾಮನ ಅಜ್ಜಿ ಹೇಳಿದ್ದು' ಅಂತ ಹಾಕಿದ್ದಾಳೆ.

ಇದರ ನೆಪದಲ್ಲಿ ನಿನ್ನೆ ಊರಿಗೆ ಫೋನ್ ಮಾಡಿ ಅಪ್ಪನ್ನ ಕೇಳಿದೆ, ಬಾಳೆ ದಿಂಡು ಇಡ್ತಿದ್ರಾ ಅಂತ. ಒಂದು ನಿಮಿಷ ಸುಮ್ನಿದ್ದು 'ಯಾರು ಹೇಳಿದ್ದು' ಅಂದ್ರು. ಆಮೇಲೆ ಅವರೇ ಇನ್ನೊಂದು ಹೇಳಿದ್ರು. 2022ರಲ್ಲಿ ಕೋಡಿ ಬಿದ್ದ ರಾತ್ರಿ ನಿದ್ದೆ ಬರಲಿಲ್ಲವಂತೆ. ಅಮ್ಮಂಗೂ ಹೇಳದೆ ಲೂನಾ ತಗೊಂಡು ಎರಡು ಗಂಟೆಗೆ ಹೋಗಿ ನೋಡಿ ಬಂದ್ರಂತೆ. ಕತ್ತಲಲ್ಲಿ ಏನೂ ಕಾಣಲಿಲ್ಲ, ಬರೀ ಸದ್ದು ಕೇಳಿಸಿಕೊಂಡು ಬಂದೆ ಅಂದ್ರು.

ಟೈಲೆಂಡ್ ರೈತ
'ಯಾರು ಹೇಳಿದ್ದು' ಅಂದ್ರಾ? ಹಾಗಾದ್ರೆ ಇಟ್ಟಿದ್ದಾರೆ. ಯಾವ ತೂಬು ಅಂತ ಕೇಳಿ ಹೇಳು ತಂಗಿ.

ಬೈಪಾಸ್ ಹುಡುಗ
ಭಾನುವಾರ ಹಿರಿಯೂರಿಂದ ಡ್ಯಾಮ್ ಹತ್ರದ ವಿ.ವಿ. ಪುರಕ್ಕೆ ಬಸ್ ಎಷ್ಟು ಹೊತ್ತಿಗಿದೆ? ಯಾರಿಗಾದ್ರೂ ಗೊತ್ತಾ?